ಗರಡಿಯ ವಸ್ತಾದನೂ ಮುಷ್ಟಿಯುದ್ಧದ ಶಿಕ್ಷಕನೂ : ಹವ್ಯಾಸಿ-ವೃತ್ತಿಪರ ಭೇದದ ಒಂದು ವಿವೇಚನೆ

೧

ಇತಿಹಾಸ ವಿಭಾಗದ ವಾರ್ಷಿಕ ಸಂಶೋಧನ ಪತ್ರಿಕೆಯಲ್ಲಿ ಮುಷ್ಟಿಯುದ್ಧದ ಶಿಕ್ಷಕನನ್ನು ಕುರಿತ ಬರಹವೊಂದು ಕಾಣಿಸಿಕೊಂಡರೆ ಓದುಗರಿಗೆ ತುಸು ಸೋಜಿಗವೆನಿಸಬಹುದು. ಶಾಸನ, ದೇವಾಲಯ, ಭೂಕಂದಾಯಗಳ ವಿಚಾರದ ನಡುವೆ ಇದಕ್ಕೇನು ಸ್ಥಾನವೆಂದು ಕೇಳಲೂ ಬಹುದು. ಆದುದರಿಂದ ಈ ಲೇಖನ ಹುಟ್ಟಿದ ಸಂದರ್ಭವನ್ನು ಮೊದಲು ತಿಳಿಸುವುದು ಉಚಿತ.

ಹುಬ್ಬಳ್ಳಿ-ಧಾರವಾಡದ ಬೈಪಾಸ್ ರಸ್ತೆಯು ಒಂದು ತುದಿಯಲ್ಲಿ ಗಬ್ಬೂರನ್ನೂ ಇನ್ನೊಂದು ತುದಿಯಲ್ಲಿ ನರೇಂದ್ರವನ್ನೂ ಮುಟ್ಟುತ್ತದೆ. ಲೇಖಕನು ವಾಸವಾಗಿರುವುದು ಗಬ್ಬೂರಿನಲ್ಲಿ. ಕಳೆದ ವರ್ಷ ಅದೇ ಊರಿನ ವಿದ್ಯಾರ್ಥಿಯೊಬ್ಬನ ತಾಯಿ ಒಂದು ಸಂಜೆ ಮನೆಗೆ ಬಂದರು. ಮಗನಿಗೆ ಹದಿನೆಂಟು ತುಂಬಿತ್ತು. ಅವನಿಗೆ ಬಾಕ್ಸಿಂಗಿನ ಹುಚ್ಚು ಹಿಡಿದಿತ್ತು. ಕಲಿಸುವವರು ಇಬ್ಬರು ಸಿಕ್ಕಿದ್ದರು. ಒಬ್ಬರು ಹಗಲೆಲ್ಲ ಬೇರೆ ನೌಕರಿ ಮಾಡಿ ಸಂಜೆಯ ಹೊತ್ತು ಹುಡುಗರಿಗೆ ಬಿಟ್ಟಿಯಾಗಿ ಕಲಿಸುವವರು. ಇನ್ನೊಬ್ಬರು ತಿಂಗಳ ಶುಲ್ಕ ಪಡೆಯುವವರು. ಆರು ತಿಂಗಳಲ್ಲಿ ಹಣದ ಪಂದ್ಯಕ್ಕೆ ಇಳಿಸುವೆನೆಂದು ಭರವಸೆಯನ್ನೂ ಕೊಟ್ಟಿದ್ದರು. ತಾಯಿಯ ಪ್ರಶ್ನೆ ಇಷ್ಟೇ : “ಇಬ್ಬರಾಗ ಯಾರ ಕೈಗೆ ಕೊಟ್ರ ನಮ್ಮ ಹುಡುಗನ ತಲಿ ನೆಟ್ಟಗ ಉಳೀತದ, ಅಷ್ಟ ಹೇಳ್ರಿ ಸರ.”

ಆ ಸಂಜೆ ಅವರಿಗೆ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಆದರೆ ಪ್ರಶ್ನೆಯನ್ನು ಬಿಡಿಸುತ್ತ ಹೋದಂತೆ ಅದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಹೆಣೆದುಕೊಂಡಿರುವುದು ಕಂಡುಬಂದಿತು. ‘ಹವ್ಯಾಸಿ’, ‘ವೃತ್ತಿಪರ’ ಎಂಬ ಮಾತುಗಳಿಗೆ ನಾವು ಕೊಡುವ ಅರ್ಥ ಒಂದು. ಅವುಗಳಿಗೆ ಇತಿಹಾಸವು ಕೊಟ್ಟ ಅರ್ಥ ಇನ್ನೊಂದು. ಈ ಗೊಂದಲವನ್ನು ಕಳೆಯದೆ ಶಿಕ್ಷಕನ ಆಯ್ಕೆ ಸಾಧ್ಯವಿಲ್ಲ. ಆ ಕೆಲಸಕ್ಕೆ ಇತಿಹಾಸದ ವಿದ್ಯಾರ್ಥಿಯು ಅಷ್ಟೊಂದು ಅಪಾತ್ರನಲ್ಲವೆಂದು ಭಾವಿಸಿ ಈ ವಿವೇಚನೆಗೆ ತೊಡಗಿದ್ದೇನೆ.

೨

ಮೊದಲಿಗೆ ನಮ್ಮ ನಾಡಿನ ಪೂರ್ವಚರಿತ್ರೆಯನ್ನು ನೋಡೋಣ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನಿಗೆ ‘ಭೂಲೋಕಮಲ್ಲ’ನೆಂಬ ಬಿರುದಿತ್ತು. ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಅವನ ಹೆಸರಿನಲ್ಲಿ ರಚಿತವಾದ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ವೆಂಬ ಪ್ರಕರಣವೇ ಇದೆ. ವಯಸ್ಸು, ಮೈಕಟ್ಟು, ಬಲ ಇವುಗಳನ್ನನುಸರಿಸಿ ಮಲ್ಲರನ್ನು ಅಲ್ಲಿ ವರ್ಗೀಕರಿಸಲಾಗಿದೆ. ಅವರು ಮಾಡಬೇಕಾದ ವ್ಯಾಯಾಮವೇನು, ಉಣ್ಣಬೇಕಾದ ಆಹಾರವೇನು ಎಂಬುದನ್ನು ವಿಧಿಸಲಾಗಿದೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆಗಳನ್ನು ಒದಗಿಸುವ ಹೊಣೆ ಅರಸನದು. ಮಲ್ಲನು ಅರಮನೆಯ ಅನ್ನವನ್ನುಂಡು ಮೈಯನ್ನು ಬೆಳೆಸುವುದರಲ್ಲಿಯೇ ತೊಡಗಿರಬೇಕು. ಇಂದಿನ ಮಾತಿನಲ್ಲಿ ಹೇಳುವುದಾದರೆ ಇವನು ಅಪ್ಪಟ ವೃತ್ತಿಪರನು. ಆದರೂ ಅವನ ಪೋಷಣೆಯ ಜೊತೆಯಲ್ಲಿಯೇ ಅವನ ವರ್ಗೀಕರಣವೂ ಬಂದಿರುವುದನ್ನು ಗಮನಿಸಬೇಕು. ಯಾರನ್ನು ಯಾರೊಡನೆ ಬಿಡಬೇಕೆಂಬ ವಿವೇಚನೆಯಿಲ್ಲದೆ ಇಂತಹ ವರ್ಗೀಕರಣಕ್ಕೆ ಅರ್ಥವಿರುವುದಿಲ್ಲ.

ವಿಜಯನಗರದ ಮಹಾನವಮಿಯ ವರ್ಣನೆಗಳು ಇದಕ್ಕಿಂತ ಹೆಚ್ಚು ಸ್ಪಷ್ಟವಾಗಿವೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು ೧೫೨೦ರಲ್ಲಿ, ಅಲ್ಲಿಗೆ ಬಂದ ಪೋರ್ತುಗೀಜ ಪ್ರವಾಸಿ ದೊಮಿಂಗೊ ಪಾಯೆಸನು ಈ ಕಾಳಗ ತನ್ನ ನಾಡಿನ ಕುಸ್ತಿಯಂತಲ್ಲವೆಂದು ಬರೆಯುತ್ತಾನೆ. ಹಲ್ಲು ಮುರಿಯುವ, ಕಣ್ಣು ಕೀಳುವ, ಮುಖ ವಿಕಾರವಾಗುವಂತಹ ಗುದ್ದುಗಳು ಬೀಳುತ್ತಿದ್ದವು. ಮಾತು ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಈ ಮಲ್ಲರಿಗೆ ನಾಯಕರೂ ತೀರ್ಪುಗಾರರೂ ಇದ್ದರೆಂದೂ, ಕಣದಲ್ಲಿ ಇಬ್ಬರನ್ನೂ ಸಮಾನ ನೆಲೆಯಲ್ಲಿ ನಿಲ್ಲಿಸುವುದು ಅವರ ಕೆಲಸವಾಗಿತ್ತೆಂದೂ ಅವನು ತಿಳಿಸಿದ್ದಾನೆ. ಅವನ ತರುವಾಯ ಬಂದ ನುನಿಜನು, ಅರಸನ ಬಳಿ ಹಬ್ಬಕ್ಕೆಂದೇ ಸಾವಿರ ಮಂದಿ ಮಲ್ಲರಿದ್ದರು, ಮೊನೆಗಳುಳ್ಳ ಬಳೆಯಂತಹ ಆಯುಧವನ್ನು ಕೈಯಲ್ಲಿ ಹಿಡಿದು ಅವರು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರು, ರಾಜ್ಯದಲ್ಲಿ ಬೇರೆ ಯಾವ ಊಳಿಗವನ್ನೂ ಮಾಡುತ್ತಿರಲಿಲ್ಲ ಎನ್ನುತ್ತಾನೆ. ಹೆಚ್ಚು ಗಾಯಗೊಂಡವನು ಹೋಗಿ ಅರಸನಿಂದ ರೇಷ್ಮೆಯ ವಸ್ತ್ರವನ್ನು ಪಡೆಯುತ್ತಿದ್ದನೆಂಬುದು ಅವನ ಬರಹದಲ್ಲಿ ಮನಸ್ಸನ್ನು ತಟ್ಟುವ ಸಂಗತಿ. ಗಾಯಕ್ಕೆ ಬೆಲೆ ಕಟ್ಟುವ ಪದ್ಧತಿ ಅಂದೂ ಇತ್ತು.

ಈ ಪರಂಪರೆಯ ಕೊನೆಯ ಎಳೆಯನ್ನು ಮೈಸೂರಿನ ದಸರೆಯಲ್ಲಿ ಕಾಣಬಹುದು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳ ಜಟ್ಟಿ ಮನೆತನದವರು ತಲೆ ಬೋಳಿಸಿಕೊಂಡು, ಮೊನೆಯುಳ್ಳ ಮುಷ್ಟಿಯಾಯುಧವನ್ನು ಧರಿಸಿ ಕಣಕ್ಕಿಳಿಯುತ್ತಾರೆ. ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ನೋಡುವವರಿಗೆ ಭೀಕರವೆನಿಸುವ ಈ ಆಟದ ಒಡಲಲ್ಲಿ ಅಡಗಿರುವ ನಿಯಮ ಎಷ್ಟು ವಿವೇಕಯುತವಾದುದೆಂಬುದನ್ನು ಯೋಚಿಸಬೇಕು. ಎಲ್ಲಿ ನಿಲ್ಲಿಸಬೇಕೆಂಬುದು ಆರಂಭಕ್ಕೆ ಮೊದಲೇ ಗೊತ್ತಾಗಿದೆ. ಸೋತವನ ಹಠಕ್ಕಾಗಲಿ ಗೆದ್ದವನ ಉತ್ಸಾಹಕ್ಕಾಗಲಿ ಅಲ್ಲಿ ಎಡೆಯಿಲ್ಲ.

ಉತ್ತರ ಕರ್ನಾಟಕದ ಗರಡಿಗಳದು ಇನ್ನೊಂದು ಬಗೆ. ಕೊಲ್ಲಾಪುರದ ಶಾಹು ಮಹಾರಾಜರು ಕುಸ್ತಿಗೆ ಕೊಟ್ಟ ಆಶ್ರಯವೂ, ೧೯೧೨ರಲ್ಲಿ ಅಲ್ಲಿ ಸಿದ್ಧವಾದ ಖಾಸಬಾಗ ಮೈದಾನವೂ ಬೆಳಗಾವಿ-ಧಾರವಾಡ ಸೀಮೆಯ ಪೈಲ್ವಾನರನ್ನು ಸೆಳೆದವು. ನಮ್ಮ ಹಳ್ಳಿಗಳ ಗರಡಿಮನೆಯಲ್ಲಿ ಕಲಿಸುವ ವಸ್ತಾದನು ಸಂಬಳದವನಲ್ಲ. ಅವನು ಹೊಲದಲ್ಲಿ ದುಡಿಯುವವನು ಇಲ್ಲವೆ ಪೇಟೆಯಲ್ಲಿ ಕೆಲಸ ಮಾಡುವವನು. ಬೆಳಗಿನ ಜಾವದಲ್ಲಿ ಕೆಮ್ಮಣ್ಣನ್ನು ಹದಗೊಳಿಸಿ ಹುಡುಗರ ಮೈಯನ್ನು ಪಳಗಿಸುವವನು. ಅವನಿಗೆ ಸಲ್ಲುವುದು ತೆಂಗಿನಕಾಯಿ, ಪಟಗ ಮತ್ತು ಮರ್ಯಾದೆ. ಆದರೆ ಅವನ ಕೈಯಲ್ಲಿ ಪಳಗಿದ ಪೈಲ್ವಾನನು ಜಾತ್ರೆಯ ಕಣದಲ್ಲಿ ಹಣಕ್ಕಾಗಿಯೇ ಸೆಣಸುತ್ತಾನೆ. ಗುರುವು ಹವ್ಯಾಸಿ, ಶಿಷ್ಯನು ಬಹುಮಾನದ ಹಣ ಪಡೆಯುವವನು. ಈ ಎರಡರ ನಡುವೆ ನಮ್ಮವರಿಗೆ ಯಾವ ವಿರೋಧವೂ ಕಾಣಲಿಲ್ಲ. ಹವ್ಯಾಸಿ-ವೃತ್ತಿಪರರೆಂಬ ಗೋಡೆಯನ್ನು ನಮ್ಮ ಗರಡಿ ಕಟ್ಟಿಕೊಂಡಿರಲಿಲ್ಲ.

೩

ಹಾಗಾದರೆ ಆ ಗೋಡೆ ಎಲ್ಲಿಂದ ಬಂದಿತು ? ಅದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದುದು. ೧೮೬೦ರ ದಶಕದ ಅಲ್ಲಿಯ ಕ್ರೀಡಾಸಂಘಗಳು ಹವ್ಯಾಸಿ ಯಾರೆಂಬುದನ್ನು ವ್ಯಾಖ್ಯಾನಿಸಲು ಹೊರಟಾಗ, ಹಣಕ್ಕಾಗಿ ಸ್ಪರ್ಧಿಸಿದವನನ್ನು ಮಾತ್ರವಲ್ಲದೆ, ಜೀವನೋಪಾಯಕ್ಕಾಗಿ ಅಂಗಸಾಧನೆಯನ್ನು ಕಲಿಸಿದವನನ್ನೂ ಹೊರಗಿಟ್ಟವು. ಕುಶಲಕರ್ಮಿಗಳನ್ನೂ ಕೂಲಿಕಾರರನ್ನೂ ಹೊರಗಿಡುವ ಮಾತುಗಳು ಸಹ ಅಂತಹ ನಿಯಮಗಳಲ್ಲಿ ಸೇರಿದ್ದವು. ಎಂದರೆ ಮೂಲದಲ್ಲಿ ಈ ಭೇದವು ಕಲೆಯ ಗುಣವನ್ನಾಗಲಿ ಸುರಕ್ಷತೆಯನ್ನಾಗಲಿ ಕುರಿತುದಾಗಿರದೆ, ಬಹುಮಟ್ಟಿಗೆ ವರ್ಗಭೇದವಾಗಿದ್ದಿತು. ಕೈಗವಸನ್ನೂ ಮೂರು ನಿಮಿಷದ ಸುತ್ತನ್ನೂ ವಿಧಿಸಿದ ಕ್ವೀನ್ಸ್‌ಬೆರಿ ನಿಯಮಗಳು ೧೮೬೭ರಲ್ಲಿ ಪ್ರಕಟವಾದವು. ೧೮೮೦ರಲ್ಲಿ ಲಂಡನ್ನಿನಲ್ಲಿ ಹವ್ಯಾಸಿ ಬಾಕ್ಸಿಂಗ್ ಸಂಘವು ಸ್ಥಾಪಿತವಾಯಿತು. ೧೯೦೪ರಲ್ಲಿ ಬಾಕ್ಸಿಂಗ್ ಒಲಿಂಪಿಕ್ ಕ್ರೀಡೆಯಾಯಿತು. ಭಾರತದಲ್ಲಿ ೧೯೪೯ರಲ್ಲಿ ಹವ್ಯಾಸಿ ಬಾಕ್ಸಿಂಗ್ ಒಕ್ಕೂಟವು ರೂಪುಗೊಂಡಿತು.

ಈ ಗೋಡೆ ಈಗ ಬಿರುಕುಬಿಟ್ಟಿದೆ. ೨೦೧೬ರ ರಿಯೋ ಒಲಿಂಪಿಕ್ಸಿನಲ್ಲಿ ವೃತ್ತಿಪರ ಬಾಕ್ಸರುಗಳಿಗೂ ಪ್ರವೇಶ ದೊರೆಯಿತು. ನಮ್ಮ ವಿಕಾಸ್ ಕೃಷನ್ ಅವರು ೨೦೧೯ರಲ್ಲಿ ಅಮೆರಿಕದಲ್ಲಿ ವೃತ್ತಿಪರ ಪಂದ್ಯಗಳನ್ನಾಡಿ ಹಿಂದಿರುಗಿ, ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಭಾರತವನ್ನು ಪ್ರತಿನಿಧಿಸಿದರು. ಹವ್ಯಾಸಿ ಬಾಕ್ಸಿಂಗಿನ ಅಂತಾರಾಷ್ಟ್ರೀಯ ಆಡಳಿತದಲ್ಲಿಯೂ ಪಲ್ಲಟವಾಗಿದೆ. ೧೯೪೬ರಲ್ಲಿ ಸ್ಥಾಪಿತವಾದ ಹಳೆಯ ಸಂಸ್ಥೆಯ ಮನ್ನಣೆಯನ್ನು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯು ೨೦೨೩ರಲ್ಲಿ ಹಿಂತೆಗೆದುಕೊಂಡಿತು. ‘ವರ್ಲ್ಡ್ ಬಾಕ್ಸಿಂಗ್’ ಎಂಬ ಹೊಸ ಸಂಸ್ಥೆಗೆ ೨೦೨೫ರಲ್ಲಿ ತಾತ್ಕಾಲಿಕ ಮನ್ನಣೆ ಕೊಟ್ಟಿತು.

ಮೇಲಿನ ಚರಿತ್ರೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ‘ಹವ್ಯಾಸಿ ಶಿಕ್ಷಕ’ನೆಂಬ ಮಾತಿಗೆ ಇಂದು ಎರಡು ಅರ್ಥಗಳುಂಟು : ಸಂಬಳವಿಲ್ಲದೆ ಪ್ರೀತಿಯಿಂದ ಕಲಿಸುವವನೆಂದು ಒಂದು, ಒಲಿಂಪಿಕ್ ಮಾದರಿಯ ಬಾಕ್ಸಿಂಗನ್ನು ಕಲಿಸುವವನೆಂದು ಇನ್ನೊಂದು. ಎರಡನೆಯ ಅರ್ಥದ ಶಿಕ್ಷಕನು ಪೂರ್ಣ ಸಂಬಳದವನೂ ಆಗಿರಬಹುದು. ೧೯೬೧ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆಯು ಸ್ಥಾಪನೆಯಾದ ಮೇಲೆ ತರಬೇತಿಯೇ ಒಂದು ಶಾಸ್ತ್ರವಾಗಿ, ಡಿಪ್ಲೊಮಾ ಪಡೆದ ಶಿಕ್ಷಕರ ಪೀಳಿಗೆಯೊಂದು ನಮ್ಮಲ್ಲಿ ಬೆಳೆಯಿತು. ೧೯೮೫ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿಯನ್ನು ಮೊದಲ ಸಲ ಕೊಟ್ಟಾಗ ಅದನ್ನು ಪಡೆದ ಮೂವರಲ್ಲಿ ಬಾಕ್ಸಿಂಗಿನ ಓಂಪ್ರಕಾಶ್ ಭಾರದ್ವಾಜ್ ಒಬ್ಬರು, ಕುಸ್ತಿಯ ಭಾಲಚಂದ್ರ ಭಾಸ್ಕರ ಭಾಗವತ್ ಇನ್ನೊಬ್ಬರು. ಕ್ಯೂಬಾ ದೇಶವು ೧೯೬೨ರಲ್ಲಿ ವೃತ್ತಿಪರ ಬಾಕ್ಸಿಂಗನ್ನೇ ನಿಷೇಧಿಸಿತು. ಆ ನಿಷೇಧ ೨೦೨೨ರವರೆಗೆ ಉಳಿಯಿತು. ಆದರೆ ಆ ಅವಧಿಯಲ್ಲಿ ಅಲ್ಲಿಯ ಶಿಕ್ಷಕರು ಸರಕಾರದ ಸಂಬಳ ಪಡೆದು ಜಗತ್ತೇ ಬೆರಗಾಗುವಂತಹ ಹವ್ಯಾಸಿ ಬಾಕ್ಸರುಗಳನ್ನು ತಯಾರಿಸಿದರು. ಅಂತಹವರಲ್ಲಿ ಒಬ್ಬರಾದ ಬ್ಲಾಸ್ ಇಗ್ಲೇಸಿಯಸ್ ಫರ್ನಾಂಡೆಸ್ ಭಾರತಕ್ಕೆ ಬಂದು ಕಲಿಸಿ, ೨೦೧೨ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಪಡೆದ ಮೊದಲ ವಿದೇಶೀಯರಾದರು. ಆದುದರಿಂದ ‘ಸಂಬಳ ಪಡೆಯುವನೆ?’ ಎಂಬುದೂ ‘ಯಾವ ಬಾಕ್ಸಿಂಗನ್ನು ಕಲಿಸುವನು?’ ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ನಮ್ಮ ಊರಿನ ತಾಯಿಯ ಮುಂದಿದ್ದ ಗೊಂದಲಕ್ಕೆ ಈ ಎರಡೂ ಒಂದಾಗಿ ಕಂಡುದೇ ಕಾರಣ.

೪

ಇನ್ನು ಎರಡು ಬಗೆಯ ಬಾಕ್ಸಿಂಗಿಗೂ ಇರುವ ವ್ಯತ್ಯಾಸವೇನೆಂಬುದನ್ನು ನೋಡಬೇಕು. ಒಲಿಂಪಿಕ್ ಮಾದರಿಯಲ್ಲಿ ಪಂದ್ಯವೆಂದರೆ ಮೂರು ನಿಮಿಷದ ಮೂರು ಸುತ್ತುಗಳು. ಒಟ್ಟು ಒಂಬತ್ತು ನಿಮಿಷ. ವೃತ್ತಿಪರ ಬಾಕ್ಸಿಂಗಿನಲ್ಲಿ ಹೊಸಬನು ನಾಲ್ಕು ಸುತ್ತುಗಳಿಂದ ಆರಂಭಿಸಿ, ಪ್ರಮುಖ ಪ್ರಶಸ್ತಿಯ ಪಂದ್ಯಕ್ಕೆ ಬರುವ ಹೊತ್ತಿಗೆ ಹನ್ನೆರಡು ಸುತ್ತುಗಳನ್ನು, ಎಂದರೆ ಮೂವತ್ತಾರು ನಿಮಿಷಗಳನ್ನು, ತಾಳಿಕೊಳ್ಳಬೇಕು. ಒಂಬತ್ತು ನಿಮಿಷದ ಆಟದಲ್ಲಿ ಮೊದಲ ಗಂಟೆಯಿಂದಲೇ ವೇಗ ಬೇಕು. ಕಾಲ್ಚಳಕ, ದೂರವನ್ನು ಅಳೆಯುವ ಕಣ್ಣು, ತೀರ್ಪುಗಾರರಿಗೆ ಎದ್ದು ಕಾಣುವ ಶುದ್ಧವಾದ ಗುದ್ದು ಇವು ಮುಖ್ಯ. ಮೂವತ್ತಾರು ನಿಮಿಷದ ಆಟದಲ್ಲಿ ಉಸಿರನ್ನು ಉಳಿಸಿಕೊಳ್ಳುವುದೇ ವಿದ್ಯೆ. ಪಕ್ಕೆಲುಬಿಗೆ ಗುದ್ದಿ ಎದುರಾಳಿಯನ್ನು ನಿಧಾನವಾಗಿ ಕುಗ್ಗಿಸುವುದು, ಮೈಗೆ ಮೈ ತಾಗಿ ನಿಂತು ಹೊಡೆಯುವುದು, ತೋಳಿನಲ್ಲಿ ಬಿಗಿದು ವಿಶ್ರಾಂತಿ ಪಡೆಯುವುದು ಇವೆಲ್ಲ ಅದರ ಅಂಗಗಳು.

ಪಂದ್ಯಗಳ ಕ್ರಮವೂ ಬೇರೆ. ಹವ್ಯಾಸಿಯು ಒಂದೇ ಪಂದ್ಯಾವಳಿಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ನಾಲ್ಕೈದು ಬಾರಿ ಕಣಕ್ಕಿಳಿಯಬೇಕಾದೀತು. ಎದುರಾಳಿ ಯಾರೆಂಬುದನ್ನು ಚೀಟಿ ನಿರ್ಧರಿಸುತ್ತದೆ. ಹಾಗಾಗಿ ಯಾವ ಶೈಲಿಯವನು ಬಂದರೂ ಹೊಂದಿಕೊಳ್ಳುವ ಶಿಕ್ಷಣ ಅವನಿಗೆ ಬೇಕು. ವೃತ್ತಿಪರನಿಗೆ ಒಬ್ಬ ಎದುರಾಳಿ ಮೊದಲೇ ಗೊತ್ತಾಗಿರುತ್ತಾನೆ. ಅವನನ್ನು ಗೆಲ್ಲಲೆಂದೇ ವಾರಗಟ್ಟಲೆ ಸಿದ್ಧತೆ ನಡೆಯುತ್ತದೆ. ಆ ಎದುರಾಳಿಯನ್ನು ಆರಿಸುವವರು ವ್ಯವಸ್ಥಾಪಕರೂ ಪಂದ್ಯದ ಏರ್ಪಾಟುಗಾರರೂ ಆಗಿರುತ್ತಾರೆ. ಪಾಯೆಸನು ಕಂಡ ‘ಸಮಾನ ನೆಲೆಯಲ್ಲಿ ನಿಲ್ಲಿಸುವ’ ಹೊಣೆ ಇಲ್ಲಿ ಹಣದ ಲಾಭವಿರುವವರ ಕೈಗೆ ಬರುತ್ತದೆಂಬುದನ್ನು ಮರೆಯಬಾರದು. ಅಮೆರಿಕವು ೨೦೦೦ದಲ್ಲಿ ಮಹಮ್ಮದ್ ಅಲಿಯ ಹೆಸರಿನ ಕಾನೂನೊಂದನ್ನು ತಂದು, ವ್ಯವಸ್ಥಾಪಕನ ಹಿತವನ್ನೂ ಏರ್ಪಾಟುಗಾರನ ಹಿತವನ್ನೂ ಬೇರ್ಪಡಿಸಲು ಯತ್ನಿಸಿದುದು ಈ ಕಾರಣದಿಂದಲೇ.

ಈ ಭೇದ ಕೇವಲ ಪುಸ್ತಕದ್ದಲ್ಲ. ರಿಯೋ ಒಲಿಂಪಿಕ್ಸಿಗೆ ಬಂದ ಮೂವರು ವೃತ್ತಿಪರರಲ್ಲಿ ಒಬ್ಬರಿಗೂ ಪದಕ ದೊರೆಯಲಿಲ್ಲ. ಅವರಲ್ಲಿ ವಿಶ್ವಪ್ರಶಸ್ತಿ ಪಡೆದಿದ್ದವರೂ ಇದ್ದರು. ಇದಕ್ಕೆ ಪ್ರತಿಯಾಗಿ, ೨೦೦೮ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಗೆದ್ದ ವಿಜೇಂದರ್ ಸಿಂಗ್ ಅವರು ೨೦೧೫ರಲ್ಲಿ ವೃತ್ತಿಪರರಾದಾಗ, ಭಿವಾನಿಯ ತಮ್ಮ ಹಳೆಯ ಅಭ್ಯಾಸವನ್ನೇ ನೆಚ್ಚಿಕೊಳ್ಳದೆ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋಗಿ ಲೀ ಬಿಯರ್ಡ್ ಎಂಬ ಬೇರೆ ಶಿಕ್ಷಕನ ಕೈಕೆಳಗೆ ಕಲಿತರು. ಕುಸ್ತಿಯಲ್ಲಿಯೂ ಇದೇ ಅನುಭವವಾಗಿದೆ. ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವರು ೧೯೪೮ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಮಣ್ಣಿನ ಅಖಾಡದಲ್ಲಿ ಪಳಗಿದ್ದರು. ಚಾಪೆಯ ಮೇಲಿನ ಆಟ ಅವರಿಗೆ ಹೊಸದು. ಅಲ್ಲಿ ರೀಸ್ ಗಾರ್ಡನರ್ ಎಂಬ ಅಮೆರಿಕದ ಮಲ್ಲನಿಂದ ಪಾಠ ಹೇಳಿಸಿಕೊಂಡು ಆರನೆಯ ಸ್ಥಾನ ಪಡೆದರು. ೧೯೫೨ರ ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಗೆದ್ದರು. ಊರಿನ ವಸ್ತಾದರು ಕೊಟ್ಟ ಬಲ ವ್ಯರ್ಥವಾಗಲಿಲ್ಲ. ಆದರೆ ಕಣ ಬದಲಾದಾಗ ಆ ಕಣವನ್ನು ಬಲ್ಲ ಗುರು ಬೇಕಾದನು.

೫

ಇಷ್ಟರಿಂದ ಹವ್ಯಾಸಿ ಶಿಕ್ಷಕನು ಕೆಳಗಿನವನು, ವೃತ್ತಿಪರ ಶಿಕ್ಷಕನು ಮೇಲಿನವನು ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಮಹಮ್ಮದ್ ಅಲಿಯ ಉದಾಹರಣೆಯನ್ನೇ ನೋಡಬಹುದು. ೧೯೫೪ರಲ್ಲಿ ಲೂಯಿವಿಲ್ ನಗರದಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನ ಸೈಕಲ್ಲು ಕಳುವಾಯಿತು. ದೂರು ಹೇಳಲು ಹೋದವನಿಗೆ ಎದುರಾದ ಜೋ ಮಾರ್ಟಿನ್ ಎಂಬ ಪೋಲೀಸು ಬಿಡುವಿನ ವೇಳೆಯಲ್ಲಿ ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಿದ್ದನು. ಹುಡುಗನ ಆರಂಭದ ಗುರು ಅವನೇ. ಆರು ವರ್ಷಗಳ ಅನಂತರ, ೧೯೬೦ರ ರೋಮ್ ಒಲಿಂಪಿಕ್ಸಿನಲ್ಲಿ ಆ ಹುಡುಗ ಚಿನ್ನದ ಪದಕ ಗೆದ್ದನು. ಅದೇ ವರ್ಷದ ಕೊನೆಗೆ ಏಂಜೆಲೊ ಡಂಡೀ ಎಂಬ ವೃತ್ತಿಪರ ಶಿಕ್ಷಕನ ಬಳಿ ಸೇರಿದನು. ಡಂಡೀಯ ಹೆಚ್ಚುಗಾರಿಕೆಯೆಂದರೆ ಶಿಷ್ಯನಲ್ಲಿ ಆಗಲೇ ರೂಪುಗೊಂಡಿದ್ದ ಶೈಲಿಯನ್ನು ಅಳಿಸಲು ಹೋಗದೆ ಅದನ್ನು ತಿದ್ದಿ ಬೆಳೆಸಿದುದು. ಬಿಡುವಿನ ವೇಳೆಯ ಗುರು ಅಡಿಪಾಯ ಹಾಕಿದನು. ವೃತ್ತಿಯ ಗುರು ಅದರ ಮೇಲೆ ಕಟ್ಟಿದನು.

ಶಿಕ್ಷಕನ ದೊಡ್ಡತನವನ್ನು ಅಳೆಯುವ ಇನ್ನೊಂದು ಘಟನೆ ೧೯೭೫ರ ಅಕ್ಟೋಬರ್ ೧ರಂದು ಮನಿಲಾದಲ್ಲಿ ನಡೆಯಿತು. ಅಲಿಗೂ ಜೋ ಫ್ರೇಜಿಯರನಿಗೂ ನಡೆದ ಪಂದ್ಯದಲ್ಲಿ ಹದಿನಾಲ್ಕು ಸುತ್ತುಗಳು ಮುಗಿದಿದ್ದವು. ಫ್ರೇಜಿಯರನ ಕಣ್ಣುಗಳು ಬಾತು ಮುಚ್ಚುತ್ತಿದ್ದವು. ಉಳಿದುದು ಒಂದೇ ಸುತ್ತು. ಫ್ರೇಜಿಯರ್ ಹೋರಾಡುವೆನೆಂದೇ ಹಠ ಹಿಡಿದನು. ಅವನ ಶಿಕ್ಷಕ ಎಡ್ಡಿ ಫಚ್ ಒಪ್ಪದೆ ಪಂದ್ಯವನ್ನು ನಿಲ್ಲಿಸಿದನು. ಫಚ್ ವೃತ್ತಿಪರ ಶಿಕ್ಷಕನು. ವಾಡಿಕೆಯಂತೆ ಅಂತಹ ಶಿಕ್ಷಕರಿಗೆ ಸಲ್ಲುವುದು ಪಂದ್ಯದ ಹಣದಲ್ಲಿ ನೂರಕ್ಕೆ ಹತ್ತರಷ್ಟು. ವಿಶ್ವಪ್ರಶಸ್ತಿಯು ಮೂರೇ ನಿಮಿಷದ ದೂರದಲ್ಲಿದ್ದಾಗ ಅವನು ಅದನ್ನು ಬಿಟ್ಟುಕೊಟ್ಟು ಶಿಷ್ಯನನ್ನು ಉಳಿಸಿಕೊಂಡನು. ಹಣ ಪಡೆಯುವವನೆಂಬ ಒಂದೇ ಕಾರಣದಿಂದ ಶಿಕ್ಷಕನನ್ನು ಅನುಮಾನಿಸುವವರು ಈ ಘಟನೆಯನ್ನು ನೆನೆಯಬೇಕು.

ಆದರೆ ಬಿಟ್ಟಿಯಾಗಿ ಕಲಿಸುವವನೆಂಬ ಕಾರಣದಿಂದಲೇ ಒಬ್ಬನನ್ನು ನಂಬುವುದೂ ಸರಿಯಲ್ಲ. ಪ್ರೀತಿಯಿಂದ ಕಲಿಸುವವನಿಗೆ ತಲೆಗೆ ಬೀಳುವ ಪೆಟ್ಟಿನ ಶಾಸ್ತ್ರ ತಿಳಿಯದಿರಬಹುದು. ೧೯೨೮ರಲ್ಲಿಯೇ ಹ್ಯಾರಿಸನ್ ಮಾರ್ಟ್‌ಲೆಂಡ್ ಎಂಬ ಅಮೆರಿಕದ ವೈದ್ಯನು, ಮತ್ತೆ ಮತ್ತೆ ತಲೆಗೆ ಗುದ್ದು ತಿಂದ ಬಾಕ್ಸರುಗಳಲ್ಲಿ ಕಾಣುವ ತೊದಲು, ನಡುಕ, ಮರೆವುಗಳನ್ನು ವೈದ್ಯಪತ್ರಿಕೆಯಲ್ಲಿ ವಿವರಿಸಿದ್ದನು. ಶಿರಸ್ತ್ರಾಣವು ಚರ್ಮ ಸೀಳದಂತೆ ಕಾಯುತ್ತದೆಯೇ ಹೊರತು ಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯಲಾರದು. ಪೆಟ್ಟು ಬೀಳುವುದು ಪಂದ್ಯದಲ್ಲಿ ಮಾತ್ರವಲ್ಲ. ದಿನದಿನದ ಅಭ್ಯಾಸದ ಸೆಣಸಾಟದಲ್ಲಿಯೂ ಉಂಟು, ಅದರ ಲೆಕ್ಕ ಇಡುವವರು ಇಲ್ಲ. ೨೦೨೨ರ ಜುಲೈಯಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮುಖಕ್ಕೆ ಪೆಟ್ಟು ತಿಂದು ಕುಸಿದ ಮೈಸೂರಿನ ತರುಣನೊಬ್ಬನು ಆಸ್ಪತ್ರೆಯಲ್ಲಿ ತೀರಿಕೊಂಡನು. ಆಟ ಬೇರೆಯಾದರೂ ಪಾಠ ಒಂದೇ : ಕಣದ ಬದಿಯಲ್ಲಿ ವೈದ್ಯನಿರುವನೆ, ಆಂಬುಲೆನ್ಸ್ ನಿಂತಿದೆಯೆ ಎಂಬುದನ್ನು ಪಂದ್ಯದ ಮುನ್ನವೇ ಕೇಳಬೇಕಾದವನು ಶಿಕ್ಷಕನು.

೬

ಹಾಗಾದರೆ ಆಯ್ಕೆ ಹೇಗೆ ? ಮೇಲಿನ ವಿವೇಚನೆಯಿಂದ ಐದು ಪ್ರಶ್ನೆಗಳು ತಾವಾಗಿಯೇ ಹೊರಡುತ್ತವೆ.

ಮೊದಲನೆಯದು : ಶಿಷ್ಯನು ಯಾವ ಕಣಕ್ಕೆ ಹೋಗಬೇಕೆಂದಿದ್ದಾನೆ ? ವಿಶ್ವವಿದ್ಯಾಲಯದ ಪಂದ್ಯಾವಳಿ, ರಾಜ್ಯಮಟ್ಟದ ಸ್ಪರ್ಧೆ, ಸೈನ್ಯದ ಇಲ್ಲವೆ ರೈಲ್ವೆಯ ಕ್ರೀಡಾ ಮೀಸಲಾತಿಯ ನೌಕರಿ ಇವುಗಳ ಕಡೆಗೆ ಕಣ್ಣಿಟ್ಟವನಿಗೆ ಒಲಿಂಪಿಕ್ ಮಾದರಿಯ ಶಿಕ್ಷಕನೇ ಸರಿ. ಈ ದಾರಿಯಲ್ಲಿ ಅನ್ನ ಹುಟ್ಟುವುದು ಪಂದ್ಯದ ಹಣದಿಂದಲ್ಲ, ಪ್ರಮಾಣಪತ್ರದಿಂದ. ವೃತ್ತಿಪರ ಕಣಕ್ಕೆ ಹೋಗುವವನಿಗೂ ಮೊದಲು ಕೆಲವು ವರ್ಷ ಮೂರು ಸುತ್ತಿನ ಆಟದಲ್ಲಿ ಪಳಗುವುದರಿಂದ ನಷ್ಟವಿಲ್ಲ. ಅಲಿಯೂ ವಿಜೇಂದರರೂ ಹಾಗೆಯೇ ಬಂದವರು.

ಎರಡನೆಯದು : ಶಿಕ್ಷಕನು ತಾನೇ ಎಲ್ಲಿ ಕಲಿತನು ? ಒಳ್ಳೆಯ ಬಾಕ್ಸರನೆಲ್ಲ ಒಳ್ಳೆಯ ಶಿಕ್ಷಕನಾಗಲಾರನು. ಪಟಿಯಾಲದಂತಹ ಸಂಸ್ಥೆಯ ಡಿಪ್ಲೊಮಾ ಇದ್ದರೆ ಮೇಲು. ಇಲ್ಲದಿದ್ದರೆ ಅವನ ಕೈಯಲ್ಲಿ ಮೂರು ನಾಲ್ಕು ವರ್ಷ ಕಲಿತ ಹುಡುಗರನ್ನು ನೋಡಬೇಕು. ಅವರು ಎಷ್ಟು ಗೆದ್ದರೆಂಬುದಕ್ಕಿಂತ ಎಷ್ಟು ಮಂದಿ ಇನ್ನೂ ಅವನ ಬಳಿ ಉಳಿದಿದ್ದಾರೆ, ಮಾತು ನಡೆಗಳು ಸ್ವಚ್ಛವಾಗಿವೆಯೆ ಎಂಬುದು ಮುಖ್ಯ.

ಮೂರನೆಯದು : ಅವನ ಆದಾಯದ ಮೂಲ ಯಾವುದು ? ತಿಂಗಳ ಶುಲ್ಕ ಪಡೆಯುವವನಿಗೆ ಶಿಷ್ಯನು ಉಳಿದುಕೊಂಡರೆ ಲಾಭ. ಪಂದ್ಯದ ಪಾಲು ಪಡೆಯುವವನಿಗೆ ಶಿಷ್ಯನು ಕಣಕ್ಕಿಳಿದರೆ ಲಾಭ. ಏನನ್ನೂ ಪಡೆಯದವನಿಗೆ ಕೀರ್ತಿಯೇ ಲಾಭ. ಮೂರರಲ್ಲಿ ಯಾವುದೂ ಪಾಪವಲ್ಲ. ಆದರೆ ಆ ಲಾಭ ಯಾವ ಕಡೆಗೆ ಎಳೆಯುತ್ತದೆಂಬುದನ್ನು ತಂದೆತಾಯಿಗಳು ತಿಳಿದಿರಬೇಕು. ಶಿಕ್ಷಕನೇ ವ್ಯವಸ್ಥಾಪಕನೂ ಪಂದ್ಯದ ಏರ್ಪಾಟುಗಾರನೂ ಆಗಿದ್ದರೆ ಹೆಚ್ಚಿನ ಎಚ್ಚರ ಬೇಕು. ಸಹಿ ಹಾಕುವ ಮುನ್ನ ಒಪ್ಪಂದದ ಕಾಗದವನ್ನು ತಿಳಿದವರೊಬ್ಬರಿಗೆ ತೋರಿಸಬೇಕು.

ನಾಲ್ಕನೆಯದು : ಪೆಟ್ಟು ತಿಂದವನನ್ನು ಅವನು ಏನು ಮಾಡುತ್ತಾನೆ ? ತಲೆಗೆ ಪೆಟ್ಟು ಬಿದ್ದು ಪಂದ್ಯ ನಿಂತರೆ ಆ ಹುಡುಗ ಕಡಿಮೆಯೆಂದರೆ ೩೦ ದಿನ ಸ್ಪರ್ಧೆಗಾಗಲಿ ಅಭ್ಯಾಸದ ಸೆಣಸಾಟಕ್ಕಾಗಲಿ ಇಳಿಯಬಾರದೆಂಬುದು ಹವ್ಯಾಸಿ ಬಾಕ್ಸಿಂಗಿನಲ್ಲಿ ಬೆಳೆದುಬಂದ ನಿಯಮ. ಹಾಗೆ ಮತ್ತೆ ಮತ್ತೆ ಆದರೆ ಅವಧಿ ಇನ್ನೂ ದೀರ್ಘ. ಈ ನಿಯಮವನ್ನು ಶಿಕ್ಷಕನು ಬಲ್ಲನೆ ? ಬಲ್ಲವನಾದರೆ ಪಾಲಿಸುವನೆ ? ಪೆಟ್ಟುಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುವನೆ ?

ಐದನೆಯದು, ಎಲ್ಲಕ್ಕಿಂತ ಮುಖ್ಯವಾದುದು : ಅವನು ಎಂದಾದರೂ ಪಂದ್ಯವನ್ನು ನಿಲ್ಲಿಸಿದ್ದಾನೆಯೆ ? ವಜ್ರಮುಷ್ಟಿ ಕಾಳಗದಲ್ಲಿ ಒಂದು ಹನಿ ರಕ್ತ ಮಾಡುವ ಕೆಲಸವನ್ನು ಬಾಕ್ಸಿಂಗಿನಲ್ಲಿ ಮಾಡಬೇಕಾದವರು ತೀರ್ಪುಗಾರ, ವೈದ್ಯ ಮತ್ತು ಶಿಕ್ಷಕ. ಇವರಲ್ಲಿ ಹುಡುಗನ ಉಸಿರನ್ನೂ ಕಣ್ಣನ್ನೂ ಹತ್ತಿರದಿಂದ ಬಲ್ಲವನು ಶಿಕ್ಷಕನೊಬ್ಬನೇ. ನಿಲ್ಲಿಸಿದೆನೆಂದು ನಾಚಿಕೆಯಿಲ್ಲದೆ ಹೇಳಿಕೊಳ್ಳಬಲ್ಲವನನ್ನು, ಅವನು ಹವ್ಯಾಸಿಯಾಗಿರಲಿ ವೃತ್ತಿಪರನಾಗಿರಲಿ, ನಂಬಬಹುದು.

೭

ಈ ಐದು ಪ್ರಶ್ನೆಗಳನ್ನು ಹಿಡಿದುಕೊಂಡು, ಆ ತಾಯಿ ಮತ್ತು ಹುಡುಗನ ಜೊತೆಯಲ್ಲಿ, ನಾನು ಇಬ್ಬರು ಶಿಕ್ಷಕರನ್ನೂ ಕಂಡೆನು. ನನ್ನ ಪೂರ್ವಗ್ರಹವೊಂದು ಅಲ್ಲಿ ಮುರಿದುಬಿದ್ದಿತೆಂದು ಒಪ್ಪಿಕೊಳ್ಳಬೇಕು. ಬಿಟ್ಟಿಯಾಗಿ ಕಲಿಸುವವರೇ ಹೆಚ್ಚು ಜಾಗರೂಕರಾಗಿರುವರೆಂದು ನಾನು ಎಣಿಸಿದ್ದೆನು. ಪೆಟ್ಟಿನ ಲೆಕ್ಕವನ್ನು ಪುಸ್ತಕದಲ್ಲಿ ಇಟ್ಟಿದ್ದವರು ಶುಲ್ಕ ಪಡೆಯುವವರು. ತಲೆಗೆ ಪೆಟ್ಟು ಬಿದ್ದವನನ್ನು ತಿಂಗಳ ಕಾಲ ದೂರವಿಡುವ ನಿಯಮ ಅವರಿಗೆ ಚೆನ್ನಾಗಿ ಗೊತ್ತಿದ್ದಿತು. ಆದರೆ ಆರು ತಿಂಗಳಲ್ಲಿ ಹಣದ ಪಂದ್ಯವೆಂಬ ಭರವಸೆಯನ್ನು ಕುರಿತು ಕೇಳಿದಾಗ, ಎದುರಾಳಿಯನ್ನು ಆರಿಸುವವರು ಯಾರೆಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಸಂಜೆಯ ಶಿಕ್ಷಕರಲ್ಲಿ ಲೆಕ್ಕದ ಪುಸ್ತಕವಿರಲಿಲ್ಲ, ಶಾಸ್ತ್ರೀಯ ಶಿಕ್ಷಣವೂ ಇರಲಿಲ್ಲ. ಪಂದ್ಯವನ್ನು ನಿಲ್ಲಿಸಿದ್ದುಂಟೆ ಎಂದು ಕೇಳಿದುದಕ್ಕೆ ಅವರು ತುಸು ಹೊತ್ತು ಸುಮ್ಮನಿದ್ದು, ಒಮ್ಮೆ ನಿಲ್ಲಿಸಬೇಕಾಗಿದ್ದಾಗ ನಿಲ್ಲಿಸಲಿಲ್ಲವೆಂದೂ, ಆ ಹುಡುಗ ಎರಡು ದಿನ ವಾಂತಿ ಮಾಡಿಕೊಂಡನೆಂದೂ, ಆಮೇಲೆ ಮೂರು ಸಲ ನಿಲ್ಲಿಸಿರುವೆನೆಂದೂ ಹೇಳಿದರು.

ಹುಡುಗನು ಈಗ ಸಂಜೆಯ ಶಿಕ್ಷಕರಲ್ಲಿಯೇ ಕಲಿಯುತ್ತಿದ್ದಾನೆ. ಮೊದಲು ಮೂರು ಸುತ್ತಿನ ಆಟದಲ್ಲಿ ಎರಡು ವರ್ಷ ಕಳೆಯಬೇಕು, ಹಣದ ಕಣದ ಮಾತು ಅಲ್ಲಿಯವರೆಗೆ ಬೇಡ ಎಂಬುದು ಎಲ್ಲರೂ ಒಪ್ಪಿದ ನಿಬಂಧನೆ. ಶಿಕ್ಷಕರು ಒಂದು ನೂರು ಪುಟದ ಪುಸ್ತಕವನ್ನು ತಂದು, ಯಾವ ದಿನ ಯಾರಿಗೆ ಎಂತಹ ಪೆಟ್ಟು ಬಿದ್ದಿತೆಂಬುದನ್ನು ಬರೆಯತೊಡಗಿದ್ದಾರೆ. ಅದನ್ನು ವಾರಕ್ಕೊಮ್ಮೆ ಆ ತಾಯಿ ನೋಡಿ ಬರುತ್ತಾರೆ. ಶುಲ್ಕ ಪಡೆಯುವ ಶಿಕ್ಷಕರ ಪುಸ್ತಕವೇ ಅದಕ್ಕೆ ಮಾದರಿಯಾಯಿತೆಂಬುದನ್ನೂ ಇಲ್ಲಿ ಹೇಳಬೇಕು.

ಹವ್ಯಾಸಿ, ವೃತ್ತಿಪರ ಎಂಬ ಹೆಸರುಗಳು ಅನ್ಯದೇಶದ ಒಂದು ಕಾಲದ ಸಾಮಾಜಿಕ ವ್ಯವಸ್ಥೆಯಿಂದ ನಮಗೆ ಬಂದವು. ಕಣವನ್ನು ಗುರುತಿಸಲು ಅವು ಇಂದಿಗೂ ಉಪಯುಕ್ತ, ಗುರುವನ್ನು ಅಳೆಯಲು ಅಲ್ಲ. ಗುರುವನ್ನು ಅಳೆಯುವ ಕೋಲು ನಮ್ಮ ಹಿಂದಿನವರಲ್ಲಿಯೇ ಇದೆ : ಸಮಬಲರನ್ನು ಮಾತ್ರ ಎದುರುಬದುರು ನಿಲ್ಲಿಸುವುದು, ಹೊತ್ತಿಗೆ ಸರಿಯಾಗಿ ನಿಲ್ಲಿಸುವುದು. ಈ ಎರಡನ್ನು ಬಲ್ಲವನ ಕೈಗೆ ಹುಡುಗನನ್ನು ಒಪ್ಪಿಸಬಹುದು.